ಮಿನಾಕ್ಸಿಡಿಲ್ 5%: ಮೂರು ವರ್ಷ ದಾಟಿದ ಮೇಲೆ ನನ್ನ ಅಭಿಪ್ರಾಯ

ಕೂದಲು ಉದುರುತ್ತಿದೆ ಅಂತ ಮಿನಾಕ್ಸಿಡಿಲ್ ಎಂಬ ಔಷಧಿಯ 5% ದ್ರಾವಣವನ್ನು ತಲೆಗೆ ಹಚ್ಚಲು ಶುರು ಮಾಡಿ ಮೂರು ವರ್ಷ ದಾಟಿದೆ. ಊರು ದಾವಣಗೆರೆ, ವಯಸ್ಸು ಮೂವತ್ತರ ಆಚೆ, ಕೆಲಸ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು. ನನ್ನ ಮಟ್ಟಿಗೆ ಈ ಔಷಧಿ ಕೆಲಸ ಮಾಡಿದೆ. ನೆತ್ತಿಯ ಸುಳಿಯ ಸುತ್ತ ಕಾಣುತ್ತಿದ್ದ ಚರ್ಮ ಈಗ ಬಹುಪಾಲು ಮುಚ್ಚಿದೆ. ಹಣೆಯ ಎರಡು ಮೂಲೆಗಳಲ್ಲಿ ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಇಷ್ಟೇ ಹೇಳಿ ಸುಮ್ಮನಾದರೆ ಓದಿದವರು ಸೀದಾ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಹಾಗೆ ಆಗಬಾರದು. ಕೂದಲು ಉದುರುವುದಕ್ಕೆ ಕಾರಣ ಹಲವು. ಈ ಬಾಟಲಿ ಎಲ್ಲದಕ್ಕೂ ಉತ್ತರವಲ್ಲ. ನಿಮ್ಮ ಕಾರಣ ಬೇರೆಯಾಗಿದ್ದರೆ ದುಡ್ಡೂ ಹೋಗುತ್ತದೆ, ತಿಂಗಳುಗಳೂ ಹೋಗುತ್ತವೆ.

ನಾನು ಮೊದಲು ಹೋಗಿದ್ದು ಚರ್ಮರೋಗ ವೈದ್ಯರ ಹತ್ತಿರ. ನಮ್ಮೂರಿನಲ್ಲಿ ಜೆ.ಜೆ.ಎಂ., ಎಸ್.ಎಸ್. ಅಂತ ಎರಡು ಮೆಡಿಕಲ್ ಕಾಲೇಜುಗಳಿವೆ, ಚರ್ಮದ ಡಾಕ್ಟರಿಗೆ ಬರವಿಲ್ಲ. ನಾನು ತೋರಿಸಿದ ವೈದ್ಯರು ದೀಪವಿರುವ ಡರ್ಮೋಸ್ಕೋಪ್ ಎಂಬ ಸಣ್ಣ ಭೂತಗನ್ನಡಿ ಇಟ್ಟು ನೆತ್ತಿಯನ್ನೂ ತಲೆಯ ಹಿಂಭಾಗವನ್ನೂ ನೋಡಿದರು. ಹಿಂದಿನ ಕೂದಲೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ. ನೆತ್ತಿಯಲ್ಲಿ ದಪ್ಪ ಕೂದಲಿನ ಪಕ್ಕದಲ್ಲೇ ತೀರಾ ತೆಳ್ಳಗಿನವು. ಈ ವ್ಯತ್ಯಾಸವೇ ಗುರುತು ಅಂದರು. ಗಂಡಸರಲ್ಲಿ ಬರುವ ಬೊಕ್ಕತಲೆಯ ಬಗೆ ಇದೇ. ಟೆಸ್ಟೋಸ್ಟೆರಾನ್ ಹಾರ್ಮೋನಿನಿಂದ ನಮ್ಮ ದೇಹದಲ್ಲೇ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನು ತಯಾರಾಗುತ್ತದೆ. ಹುಟ್ಟಿನಿಂದಲೇ ಕೆಲವರ ಕೂದಲ ಬುಡ ಡಿಎಚ್‌ಟಿಗೆ ಬೇಗ ಸೋಲುತ್ತದೆ. ಬುಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಪ್ರತಿ ಸಲ ಹುಟ್ಟುವ ಕೂದಲು ಮೊದಲಿಗಿಂತ ಸಣ್ಣದು, ಗಿಡ್ಡ. ಕೊನೆಗೆ ಕಣ್ಣಿಗೆ ಕಾಣದಷ್ಟು ನವಿರು.

ಇದು ತಾಯಿಯ ತಂದೆಯಿಂದ ಬರುತ್ತದೆ ಅಂತ ನಮ್ಮ ಕಡೆ ಹೇಳುವುದುಂಟು. ಅರ್ಧ ನಿಜ. ಇದಕ್ಕೆ ಸಂಬಂಧಿಸಿದ ಒಂದು ಮುಖ್ಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಅದು ಗಂಡುಮಕ್ಕಳಿಗೆ ತಾಯಿಯಿಂದಲೇ ಬರುತ್ತದೆ. ಆದರೆ ಬೇರೆ ಜೀನ್‌ಗಳೂ ಬಹಳ ಇವೆ. ತಂದೆಯ ಕಡೆಯಿಂದಲೂ ಬರುತ್ತವೆ. ನಮ್ಮ ಮನೆಯಲ್ಲಿ ಅಪ್ಪನ ತಲೆಯೂ ಸೋದರಮಾವನ ತಲೆಯೂ ಒಂದೇ ಥರ.

ಇನ್ನು ನೀರಿನ ವಿಷಯ. ದಾವಣಗೆರೆಯಲ್ಲಿ ಯಾವ ಕ್ಷೌರದಂಗಡಿಯಲ್ಲಿ ಕೂತರೂ ಇದೇ ಮಾತು. "ಬೋರ್ ನೀರು ಅಣ್ಣಾ, ಎಲ್ಲರ ತಲೇನೂ ಹಿಂಗೇ ಆಗ್ತಿದೆ" ಅನ್ನುತ್ತಾರೆ. ನಗರಕ್ಕೆ ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯ ನೀರು, ರಾಜನಹಳ್ಳಿಯಿಂದ ತುಂಗಭದ್ರೆಯ ನೀರು ಬರುತ್ತದೆ. ಅದು ಸಾಲದ ಕಡೆ, ಹೊರಗಿನ ಬಡಾವಣೆಗಳಲ್ಲಿ, ಬೋರ್‌ವೆಲ್ಲೇ ಗತಿ. ಗಡಸು ನೀರಿನಲ್ಲಿ ಸೋಪು ಶಾಂಪೂ ಸರಿಯಾಗಿ ನೊರೆ ಬರುವುದಿಲ್ಲ. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಅಷ್ಟು ನಿಜ. ಆದರೆ ಗಡಸು ನೀರು ಕೂದಲ ಬುಡವನ್ನು ಕುಗ್ಗಿಸುವುದಿಲ್ಲ. ಒಂದೇ ಟ್ಯಾಂಕಿನ ನೀರಿನಲ್ಲಿ ನಾನೂ ಅಮ್ಮನೂ ಸ್ನಾನ ಮಾಡುತ್ತೇವೆ. ಅಮ್ಮನ ಜಡೆ ಈಗಲೂ ದಪ್ಪ ಇದೆ. ನೀರು ಮೆದುಗೊಳಿಸುವ ಯಂತ್ರಕ್ಕೆ ಸಾವಿರಾರು ರೂಪಾಯಿ ಹಾಕಿ, ಬೊಕ್ಕತಲೆ ನಿಲ್ಲುತ್ತದೆ ಅಂತ ಕಾಯುವವರನ್ನು ನೋಡಿದರೆ ಬೇಸರವಾಗುತ್ತದೆ. ಆ ಕಾಯುವ ವರ್ಷಗಳೇ ಚಿಕಿತ್ಸೆಗೆ ಬೆಲೆಬಾಳುವ ವರ್ಷಗಳು. ಬುಡ ಪೂರ್ತಿ ಸೊರಗಿದ ಮೇಲೆ ಯಾವ ಹಚ್ಚುವ ಔಷಧಿಯೂ ಅದನ್ನು ಎಬ್ಬಿಸುವುದಿಲ್ಲ.

ಹೆಲ್ಮೆಟ್ಟೂ ಅಷ್ಟೇ. ಅದರಿಂದ ಬೊಕ್ಕತಲೆ ಬರುವುದಿಲ್ಲ. ದಯವಿಟ್ಟು ಕೂದಲಿನ ನೆಪದಲ್ಲಿ ಹೆಲ್ಮೆಟ್ ಬಿಡಬೇಡಿ.

ಈಗ ಔಷಧಿಯ ಬಗ್ಗೆ. ಮಿನಾಕ್ಸಿಡಿಲ್ ಹುಟ್ಟಿದ್ದು ಕೂದಲಿಗಾಗಿ ಅಲ್ಲ. ಅಮೆರಿಕದ ಅಪ್‌ಜಾನ್ ಕಂಪನಿ ಇದನ್ನು ರಕ್ತದೊತ್ತಡದ ಮಾತ್ರೆಯಾಗಿ ತಂದಿತು. ಮಾತ್ರೆ ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆಯತೊಡಗಿತು. ಆಮೇಲೆ ಅದನ್ನೇ ದ್ರಾವಣ ಮಾಡಿ ತಲೆಗೆ ಹಚ್ಚಿ ನೋಡಿದರು. 1988ರಲ್ಲಿ 2% ದ್ರಾವಣಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಗಂಡಸರ 5% ದ್ರಾವಣ ಬಂದಿದ್ದು 1997ರಲ್ಲಿ. ನಮ್ಮಲ್ಲಿ ಟುಗೇನ್, ಮಿಂಟಾಪ್ ಹೀಗೆ ಹಲವು ಹೆಸರುಗಳಲ್ಲಿ ಸಿಗುತ್ತದೆ. ಒಳಗಿನ ಔಷಧಿ ಒಂದೇ, ಬೆಲೆ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ನಾನು ನಡುವೆ ಕಂಪನಿ ಬದಲಾಯಿಸಿದ್ದೇನೆ, ತಲೆಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಇದು ಡಿಎಚ್‌ಟಿಯನ್ನು ತಡೆಯುವುದಿಲ್ಲ, ಇದನ್ನು ತಿಳಿದಿರಬೇಕು. ಕೂದಲು ಬೆಳೆಯುವ ಅವಧಿಯನ್ನು ಉದ್ದ ಮಾಡುತ್ತದೆ, ಕುಗ್ಗುತ್ತಿರುವ ಬುಡದಿಂದ ದಪ್ಪ ಕೂದಲು ಬರುವಂತೆ ಮಾಡುತ್ತದೆ. ಮೂಲ ಕಾರಣ ಒಳಗೆ ಹಾಗೇ ಇರುತ್ತದೆ.

ಶುರು ಮಾಡಿದ ಕೆಲವೇ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಿತು. ಬಚ್ಚಲ ಜಾಲರಿಯಲ್ಲಿ, ದಿಂಬಿನ ಮೇಲೆ, ಬಾಚಣಿಗೆಯಲ್ಲಿ. ವೈದ್ಯರು ಮೊದಲೇ ಹೇಳಿದ್ದರಿಂದ ಧೈರ್ಯವಿತ್ತು. ವಿಶ್ರಾಂತಿಯಲ್ಲಿದ್ದ ಹಳೇ ಕೂದಲನ್ನು ಹೊಸ ಕೂದಲು ತಳ್ಳಿ ಹೊರಹಾಕುವ ಹಂತ ಅದು. ಸಾಮಾನ್ಯವಾಗಿ ಎರಡು ತಿಂಗಳೊಳಗೆ ನಿಲ್ಲುತ್ತದೆ. ಬಹಳ ಜನ ಬಾಟಲಿ ಬಿಸಾಡುವುದು ಇಲ್ಲಿಯೇ. ನನಗೆ ಗೊತ್ತಿರುವ ಇಬ್ಬರು ಹುಡುಗರು ಹೀಗೇ ಬಿಟ್ಟರು, "ಇದ್ದದ್ದೂ ಹೋಯ್ತು" ಅಂದರು. ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೊಡುವವರು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ಪೂರ್ತಿ ಅಂದಾಜಿಗೆ ಒಂದು ವರ್ಷ. ಕನ್ನಡಿಯಲ್ಲಿ ದಿನಾ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದೇ ಜಾಗ, ಒಂದೇ ಬೆಳಕು, ಒಣ ಕೂದಲು, ಹೀಗೆ ತಿಂಗಳಿಗೊಮ್ಮೆ ಹೆಂಡತಿಯ ಕೈಯಲ್ಲಿ ಫೋಟೋ ತೆಗೆಸಿಕೊಳ್ಳಿ. ಮೊದಲು ಬರುವುದು ಎಳೆ ಮಗುವಿನ ಕೂದಲಿನಂಥ ನವಿರು. ಅದು ದಪ್ಪವಾಗಿ ಕಪ್ಪಾಗಲು ಮತ್ತೆ ಸಮಯ ಬೇಕು. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಅವಸರ ಮಾಡಿ ಪ್ರಯೋಜನವಿಲ್ಲ.

ದಿನಾ ಬಳಸುವ ತಾಪತ್ರಯ ಮಾತ್ರ ನಿಜವಾದ ತಾಪತ್ರಯ. ದಿನಕ್ಕೆ ಎರಡು ಸಲ, ಪ್ರತಿ ಸಲ ಒಂದು ಮಿಲಿಲೀಟರ್. ಅಂದರೆ 60 ಮಿಲಿಲೀಟರಿನ ಬಾಟಲಿ ಸರಿಯಾಗಿ ಒಂದು ತಿಂಗಳು. ಜಾಸ್ತಿ ಹಚ್ಚಿದರೆ ಜಾಸ್ತಿ ಕೂದಲು ಬರುವುದಿಲ್ಲ, ಅಡ್ಡ ಪರಿಣಾಮ ಜಾಸ್ತಿಯಾಗುತ್ತದೆ. ಹಚ್ಚಬೇಕಾದ್ದು ಕೂದಲಿಗಲ್ಲ, ಚರ್ಮಕ್ಕೆ. ತಲೆ ಒಣಗಿರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ದಾವಣಗೆರೆಯ ಬಿಸಿಲು ಗೊತ್ತಲ್ಲ, ಬೆಳಗ್ಗೆ ಹತ್ತಕ್ಕೇ ತಲೆಯಿಂದ ಬೆವರು ಇಳಿಯುತ್ತದೆ. ಅದರ ಜೊತೆ ಔಷಧಿ ಹಣೆಗೆ ಇಳಿದರೆ ಅಲ್ಲೂ ನವಿರು ಕೂದಲು ಬರಬಹುದು. ಹಾಗಾಗಿ ಬೇಸಿಗೆಯಲ್ಲಿ ನಾನು ಬೇಗ ಎದ್ದು ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಹೆಲ್ಮೆಟ್ ಹಾಕುತ್ತೇನೆ. ರಾತ್ರಿಯೂ ಮಲಗುವ ಮೊದಲು ಒಣಗಲು ಸಮಯ ಕೊಡಬೇಕು, ಇಲ್ಲದಿದ್ದರೆ ಅರ್ಧ ದಿಂಬಿನ ಪಾಲು. ಹಚ್ಚಿದ ಮೇಲೆ ನಾಲ್ಕು ಗಂಟೆಯಾದರೂ ತಲೆಗೆ ನೀರು ಬೇಡ. ಹಬ್ಬದ ಎಣ್ಣೆ ಸ್ನಾನ ಬಿಡಬೇಕಿಲ್ಲ. ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ ತೊಳೆದು, ಒಣಗಿಸಿ, ಆಮೇಲೆ ಔಷಧಿ.

ಮೊದಲ ವರ್ಷ ನನಗೆ ತುರಿಕೆ, ಹೊಟ್ಟಿನಂಥ ಪುಡಿ ಬಂತು. ದ್ರಾವಣದಲ್ಲಿ ಮದ್ಯಸಾರ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಇರುತ್ತವೆ, ಹೆಚ್ಚಾಗಿ ಅವೇ ಕಾರಣ. ಗ್ಲೈಕಾಲ್ ಇಲ್ಲದ ನೊರೆ ರೂಪದ ಮಿನಾಕ್ಸಿಡಿಲ್ ಸಿಗುತ್ತದೆ, ಬೆಲೆ ಜಾಸ್ತಿ. ವೈದ್ಯರು ನನಗೆ ವಾರಕ್ಕೆರಡು ಸಲ ಕೀಟೋಕೊನಜೋಲ್ ಶಾಂಪೂ ಹಾಕಲು ಹೇಳಿದರು, ಅದರಲ್ಲೇ ಹದಕ್ಕೆ ಬಂತು. ಎದೆ ಬಡಿತ ಜೋರಾದರೆ, ತಲೆ ಸುತ್ತಿದರೆ, ಕಾಲು ಊದಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಇದು ಮೂಲತಃ ಬಿಪಿ ಔಷಧಿ ಅನ್ನುವುದು ಮರೆಯಬಾರದು. ಹೃದಯದ ತೊಂದರೆ ಇರುವವರು ಕೇಳದೆ ಮುಟ್ಟಬಾರದು. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಬಹಳ ಎಚ್ಚರ, ಸ್ವಲ್ಪ ನೆಕ್ಕಿದರೂ ಅದರ ಪ್ರಾಣಕ್ಕೆ ಅಪಾಯ. ಹಚ್ಚಿದ ತಕ್ಷಣ ಒಲೆಯ ಹತ್ತಿರವೂ ಹೋಗಬೇಡಿ.

ಈ ಬಾಟಲಿ ಯಾರಿಗೆ ಬೇಡ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಉದಾಹರಣೆ ಇದೆ. ಹೆರಿಗೆಯಾಗಿ ಮೂರು ತಿಂಗಳಿಗೆ ನನ್ನ ಹೆಂಡತಿಯ ಕೂದಲು ಹಿಡಿ ಹಿಡಿಯಾಗಿ ಉದುರಿತು. ಅವಳು ಅತ್ತಿದ್ದೂ ಉಂಟು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಮ್ಮಿ ಇದೆ ಅಂತ ಮಾತ್ರೆ ಕೊಟ್ಟರು, ಕಾಯಲು ಹೇಳಿದರು. ವರ್ಷ ತುಂಬುವುದರೊಳಗೆ ಕೂದಲು ವಾಪಸ್ ಬಂತು. ಡೆಂಗಿ, ಟೈಫಾಯಿಡ್, ಕೋವಿಡ್, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇವೆಲ್ಲದರ ನಂತರವೂ ಇದೇ ಆಗುತ್ತದೆ. ದೇಹಕ್ಕೆ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತವೆ. ಜ್ವರ ಮರೆತುಹೋಗಿರುತ್ತದೆ, ಆದ್ದರಿಂದ ಶಾಂಪೂ ಮೇಲೆ ಅನುಮಾನ. ಬುಡ ಗಟ್ಟಿಯಾಗೇ ಇರುತ್ತದೆ. ಥೈರಾಯ್ಡ್ ಏರುಪೇರಾದರೂ ಕೂದಲು ಉದುರುತ್ತದೆ, ಆಗ ಥೈರಾಯ್ಡ್ ಸರಿಮಾಡಬೇಕು. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲು ಹೇಳಿ, ಅದು ಥೈರಾಯ್ಡ್ ವರದಿಯನ್ನೇ ತಪ್ಪು ತೋರಿಸಬಹುದು.

ನಾಣ್ಯದ ಅಗಲಕ್ಕೆ ನುಣ್ಣಗೆ ಬೋಳಾಗುವುದನ್ನು ನಮ್ಮ ಕಡೆ ಹುಳ ತಿಂದಿದೆ ಅನ್ನುತ್ತಾರೆ. ಹುಳವೂ ಇಲ್ಲ, ಏನೂ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಅಂಟುವುದಿಲ್ಲ. ಅಂಥ ಮಕ್ಕಳನ್ನು ಶಾಲೆಯಲ್ಲಿ ದೂರ ಕೂರಿಸಿದರೆ ತುಂಬಾ ನೋವಾಗುತ್ತದೆ. ಅದಕ್ಕೆ ವೈದ್ಯರು ಆ ಜಾಗಕ್ಕೆ ಸ್ಟೆರಾಯ್ಡ್ ಚುಚ್ಚುಮದ್ದು, ಮುಲಾಮು ಕೊಡುತ್ತಾರೆ. ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳಬೇಡಿ.

ಬೇರೆ ದಾರಿಗಳನ್ನೂ ವೈದ್ಯರ ಹತ್ತಿರ ವಿಚಾರಿಸಿದ್ದೇನೆ. ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ ಡಿಎಚ್‌ಟಿ ತಯಾರಾಗುವುದನ್ನೇ ತಗ್ಗಿಸುತ್ತದೆ, ಅಂದರೆ ಮೂಲಕ್ಕೇ ಕೈ ಹಾಕುತ್ತದೆ. ಕೆಲವರಲ್ಲಿ ಕಾಮಾಸಕ್ತಿ ಕಮ್ಮಿಯಾಗುವುದು, ಮನಸ್ಸು ಕುಗ್ಗುವುದು ಆಗಬಹುದು. ಬಸುರಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು. ನಾನು ಸದ್ಯ ತೆಗೆದುಕೊಳ್ಳುತ್ತಿಲ್ಲ. ಪಿಆರ್‌ಪಿ ಅಂದರೆ ನಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಅಂಶವನ್ನು ತಲೆಗೆ ಚುಚ್ಚುವುದು, ಕೆಲವರಿಗೆ ಒಳ್ಳೆಯದಾಗಿದೆ, ಖರ್ಚು ಜಾಸ್ತಿ. ಕೂದಲು ನಾಟಿ ಮಾಡುವಾಗ ಹಿಂಭಾಗದ ಬುಡಗಳನ್ನು ಕಿತ್ತು ಮುಂದೆ ನೆಡುತ್ತಾರೆ. ಅದು ಶಸ್ತ್ರಚಿಕಿತ್ಸೆ, ಡಾಕ್ಟರೇ ಮಾಡಬೇಕು. ನಮ್ಮೂರಿನ ಒಂದು ಕೇಶ ಕೇಂದ್ರದಲ್ಲಿ ತಲೆ ನೋಡುವ ಮೊದಲೇ ಪ್ಯಾಕೇಜಿನ ಬೆಲೆ ಹೇಳಿದರು, ಇವತ್ತೇ ಕಟ್ಟಿದರೆ ರಿಯಾಯಿತಿ ಅಂದರು. ಯಾವ ಡಾಕ್ಟರು ಮಾಡುತ್ತಾರೆ ಅಂದರೆ ಉತ್ತರವಿಲ್ಲ. ಎದ್ದು ಬಂದೆ. ನೀವೂ ಆ ಪ್ರಶ್ನೆ ಕೇಳಿ.

ಕೊನೆಯದಾಗಿ ಬಿಡುವ ವಿಷಯ. ಮಿನಾಕ್ಸಿಡಿಲ್ ನಿಲ್ಲಿಸಿದರೆ ಅದರಿಂದ ಬಂದ ಕೂದಲು ಮೂರು ನಾಲ್ಕು ತಿಂಗಳಲ್ಲಿ ಹೋಗುತ್ತದೆ. ಚಟವೂ ಅಲ್ಲ, ಮೋಸವೂ ಅಲ್ಲ. ಔಷಧಿ ಇರುವವರೆಗೆ ಮಾತ್ರ ಅದರ ಬಲ. ನಮ್ಮಲ್ಲಿ ಎಷ್ಟೋ ಹುಡುಗರು ಇದನ್ನು ಹೆಣ್ಣು ನೋಡುವ ಕಾಲಕ್ಕೆ ಶುರು ಮಾಡುತ್ತಾರೆ, ಮದುವೆಯಾದ ಮೇಲೆ ಬಿಡೋಣ ಅನ್ನುತ್ತಾರೆ. ನನ್ನ ಚಿಕ್ಕಪ್ಪನ ಮಗ ನಿಟುವಳ್ಳಿಯಲ್ಲಿದ್ದಾನೆ, ಅವನೂ ಅದೇ ಕೇಳಿದ. "ಬಿಟ್ಟರೆ ಹೋಗುತ್ತದೆ ಕಣೋ, ಮೊದಲು ತಲೆ ತೋರಿಸು, ಯಾವ ಬಗೆ ಅಂತ ತಿಳಿದುಕೋ, ವರ್ಷಗಟ್ಟಲೆ ಹಚ್ಚಲು ಒಪ್ಪಿಗೆ ಇದ್ದರೆ ಮಾತ್ರ ಶುರು ಮಾಡು" ಅಂದೆ. ಹೋದ ವಾರ ಡಾಕ್ಟರ ಹತ್ತಿರ ಹೋಗಿಬಂದಿದ್ದಾನೆ. ರಕ್ತ ಪರೀಕ್ಷೆಯ ವರದಿ ಬರಬೇಕು. ಬಾಟಲಿ ಇನ್ನೂ ತಂದಿಲ್ಲ.