ಆರು ವರ್ಷದ ಲ್ಯಾಪ್‌ಟಾಪ್, ಹೊಸ ವಿಂಡೋಸ್, ಮತ್ತು ಬೈಗುಳ ತಿಂದ ನೆಟ್

2025ರ ಅಕ್ಟೋಬರ್ 17ರ ಮಧ್ಯಾಹ್ನ. ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಇನ್ನು ಕೆಲವೇ ನಿಮಿಷ. ಪ್ರತಿ ವರ್ಷ ತಪ್ಪದೆ ಹೋಗುತ್ತಿದ್ದ ಅತ್ತೆಗೆ ಈ ಸಲ ಮಂಡಿ ನೋವು. ಅದಕ್ಕೇ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟು ನೇರ ಪ್ರಸಾರ ಹಾಕಿಕೊಟ್ಟಿದ್ದೆ. ಬ್ರಹ್ಮಕುಂಡಿಕೆಯ ಸುತ್ತ ಜನ ಮುಗಿಬಿದ್ದಿದ್ದರು. ಮಂತ್ರ ಕೇಳುತ್ತಿತ್ತು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಸದ್ದು "ಟರ್ರ್ರ್" ಎಂದು ಒಂದೇ ಕಡೆ ಸಿಕ್ಕಿಕೊಂಡಿತು. ಪವರ್ ಬಟನ್ ಒತ್ತಿ ಹಿಡಿದು, ಆಫ್ ಮಾಡಿ, ಮತ್ತೆ ಆನ್ ಮಾಡುವಷ್ಟರಲ್ಲಿ ತೀರ್ಥ ಬಂದಾಗಿತ್ತು.

"ನೆಟ್ ಹೋಯ್ತಾ?" ಎಂದರು ಅತ್ತೆ. ಹೌದು ಎಂದೆ. ಅದು ನೆಟ್ ಅಲ್ಲ. ನಿಜವಾದ ಕಾರಣ ಗೊತ್ತಾಗಲು ನನಗೆ ಮೂರು ವಾರ ಹಿಡಿಯಿತು.

ಲ್ಯಾಪ್‌ಟಾಪ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. 2019ರ ನವೆಂಬರ್‌ನಲ್ಲಿ ತೆಗೆದುಕೊಂಡದ್ದು. 8ನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೊಡಗಿನ ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ. ಶನಿವಾರದ ಬಟವಾಡೆ ಲೆಕ್ಕ, ಗೊಬ್ಬರದ ಬಿಲ್ಲು, ಮಕ್ಕಳ ಆನ್‌ಲೈನ್ ಕ್ಲಾಸು, ರಾತ್ರಿ ಸಿನಿಮಾ, ಎಲ್ಲ ಇದರಲ್ಲೇ. ಕೀಬೋರ್ಡ್ ಇವತ್ತಿಗೂ ಚೆನ್ನಾಗಿದೆ. ಸ್ಕ್ರೀನು ಪರವಾಗಿಲ್ಲ. ಬ್ಯಾಟರಿ ನಾಲ್ಕನೇ ವರ್ಷಕ್ಕೇ ಸುಸ್ತಾಯಿತು. ಮಳೆಗಾಲದಲ್ಲಿ ಬೀರುವಿನಲ್ಲಿ ಬಟ್ಟೆಗಳ ಜೊತೆ ಬಲ್ಬ್ ಹೊತ್ತಿಸಿ ಇಟ್ಟಿದ್ದರಿಂದ ಬೂಷ್ಟು ಹಿಡಿದಿಲ್ಲ. ಇಲ್ಲಿನ ಜೂನ್, ಜುಲೈ ಕಂಡವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು.

ವಿಂಡೋಸ್ 10ಕ್ಕೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಬ್ಯಾಂಕ್ ಕೆಲಸವೂ ಇದರಲ್ಲೇ ಆಗುವುದರಿಂದ ಮರುದಿನವೇ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇತ್ತು, ಪ್ರೊಸೆಸರ್ ಕೂಡ ಅದು ಒಪ್ಪುವ ಪಟ್ಟಿಯಲ್ಲಿತ್ತು. ಮಾಮೂಲಿ ಕೆಲಸಕ್ಕೆ ಒಂದು ಚೂರೂ ತೊಂದರೆ ಇರಲಿಲ್ಲ. ವಿಡಿಯೊ ಹಾಕಿದರೆ ಮಾತ್ರ ಹತ್ತು, ಹದಿನೈದು ನಿಮಿಷಕ್ಕೆ ಕಲ್ಲಾಗುತ್ತಿತ್ತು.

ನಮ್ಮಲ್ಲಿ ಏನು ಕೆಟ್ಟರೂ ಮೊದಲು ನೆಟ್ ಮೇಲೆ ಗೂಬೆ ಕೂರಿಸುವುದು ಅಭ್ಯಾಸ. ಅದರಲ್ಲಿ ತಪ್ಪೂ ಇಲ್ಲ ಬಿಡಿ. ಮರದ ಕೊಂಬೆ ಬಿದ್ದರೆ ಕೇಬಲ್ ಹೋಗುತ್ತದೆ, ಕರೆಂಟ್ ಹೋದರೆ ಟವರ್ ಹೋಗುತ್ತದೆ. ಕೇಬಲ್‌ನವರಿಗೆ ಎರಡು ಸಲ ಫೋನ್ ಮಾಡಿ ಜೋರು ಮಾಡಿದೆ. ಪಾಪ, ಆ ಹುಡುಗ ಬಂದು ವೈರ್ ಬದಲಾಯಿಸಿಯೂ ಹೋದ. ಫೋನಿನ ಹಾಟ್‌ಸ್ಪಾಟ್ ಹಾಕಿದೆ, ಆಗಲೂ ನಿಂತಿತು. ಕೊನೆಗೆ ಪೆನ್‌ಡ್ರೈವ್‌ನಲ್ಲಿದ್ದ ಮದುವೆ ವಿಡಿಯೊ ಹಾಕಿದೆ. ನೆಟ್ ಬೇಡವೇ ಬೇಡ, ಅಲ್ವಾ? ಅದೂ ಧಾರೆಯ ಹೊತ್ತಿಗೆ ನಿಂತಿತು.

ಆಮೇಲೆ ಗಮನಿಸಿದೆ. ನೆಟ್ ನಿಧಾನವಾದರೆ ಪರದೆ ಮೇಲೆ ಚಕ್ರ ಸುತ್ತುತ್ತದೆ, ಮೌಸ್ ಆರಾಮಾಗಿ ಓಡಾಡುತ್ತದೆ. ನನ್ನದರಲ್ಲಿ ಚಕ್ರವೂ ಇಲ್ಲ, ಮೌಸ್ ಕೂಡ ಸತ್ತಿರುತ್ತಿತ್ತು. ಇಷ್ಟನ್ನು ಮೊದಲ ದಿನವೇ ನೋಡಿದ್ದರೆ ಕೇಬಲ್ ಹುಡುಗ ಬೈಸಿಕೊಳ್ಳುವುದು ತಪ್ಪುತ್ತಿತ್ತು.

ದೀಪಾವಳಿಗೆ ಮೊದಲು ಪೇಟೆಯ ರಿಪೇರಿ ಅಂಗಡಿಗೆ ಕೊಟ್ಟೆ. ಹಬ್ಬದ ರಜೆ ಮುಗಿಸಿ 28ಕ್ಕೆ ಫೋನ್ ಮಾಡಿದರು. "ಅಕ್ಕ, ಮದರ್‌ಬೋರ್ಡ್ ಹೋಗಿದೆ, 14,000 ಆಗುತ್ತೆ. ಹೊಸದೇ ತಗೊಳ್ಳಿ." ವಿಡಿಯೊ ಹಾಕಿ ನೋಡಿದ್ರಾ ಎಂದು ಕೇಳಿದೆ. ಇಲ್ಲವಂತೆ! ವಾಪಸ್ ತಂದೆ. ಈ ಓಡಾಟದಲ್ಲಿ ಇನ್ನೊಂದು ಬಾಗಿಲೂ ಮುಚ್ಚಿತ್ತು. ಅಪ್‌ಗ್ರೇಡ್ ಮಾಡಿದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ "ಗೋ ಬ್ಯಾಕ್" ಒತ್ತಿದರೆ ಹಳೆಯದಕ್ಕೆ ಮರಳಬಹುದು. ಆ ಗಡುವು 25ಕ್ಕೇ ಮುಗಿದಿತ್ತು. ಅಪ್‌ಗ್ರೇಡ್ ಮಾಡುವವರು ಆ ಹತ್ತು ದಿನ ಯಂತ್ರವನ್ನು ಯಾರ ಕೈಗೂ ಕೊಡಬೇಡಿ. ಮನೆಯಲ್ಲೇ ಇಟ್ಟುಕೊಂಡು ಚೆನ್ನಾಗಿ ದುಡಿಸಿ ನೋಡಿ.

ನಿಜವಾದ ಸುಳಿವು ಸಿಕ್ಕಿದ್ದು ಮೈಸೂರಿನಲ್ಲಿ ಓದುತ್ತಿರುವ ಮೈದುನನ ಮಗನಿಂದ. "ದೊಡ್ಡಮ್ಮ, ಮುಂದಿನ ಸಲ ನಿಂತಾಗ ಆಫ್ ಮಾಡ್ಬೇಡಿ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕೂ ಒಟ್ಟಿಗೆ ಒತ್ತಿ" ಎಂದ. ಒತ್ತಿದೆ. ಪರದೆ ಒಮ್ಮೆ ಕಪ್ಪಾಯಿತು, "ಬೀಪ್" ಎಂದಿತು, ಮೌಸ್ ಜೀವ ಪಡೆಯಿತು. ಆ ನಾಲ್ಕು ಕೀಗಳು ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಪರದೆಗೆ ಚಿತ್ರ ಕೊಡುವ ಭಾಗವನ್ನು ನಡೆಸುವ ಸಾಫ್ಟ್‌ವೇರನ್ನು ಮಾತ್ರ ಮತ್ತೆ ಶುರು ಮಾಡುತ್ತವೆ. ಅಂದರೆ ಕಳ್ಳ ಅಲ್ಲೇ ಇದ್ದಾನೆ ಎಂದಾಯಿತು.

ಹುಡುಕುವ ಪಟ್ಟಿಯಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿದರೆ ದಿನದಿನದ ಜಾತಕ ತೆರೆಯುತ್ತದೆ. ನಿಂತ ಪ್ರತಿ ದಿನಕ್ಕೂ ಅಲ್ಲಿ ಕೆಂಪು ಗುರುತು ಇತ್ತು. ಒಳಗೆ "ಹಾರ್ಡ್‌ವೇರ್ ಎರರ್, ಲೈವ್ ಕರ್ನಲ್ ಇವೆಂಟ್ 141". ಹಾರ್ಡ್‌ವೇರ್ ಎಂಬ ಮಾತು ನೋಡಿ ಎದೆ ಧಸಕ್ಕೆಂದಿತು. ಆದರೆ ಅದರ ಅರ್ಥ ಇಷ್ಟೇ: ಗ್ರಾಫಿಕ್ಸ್ ಭಾಗಕ್ಕೆ ಕೆಲಸ ಕೊಟ್ಟರೆ ಅದು ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. ವಿಂಡೋಸ್ ಮಾಮೂಲಾಗಿ ಕಾಯುವುದೇ 2 ಸೆಕೆಂಡು. ಆಮೇಲೆ ಡ್ರೈವರನ್ನು ಎಬ್ಬಿಸಲು ನೋಡುತ್ತದೆ. ಎದ್ದರೆ ಸರಿ, ಏಳದಿದ್ದರೆ ಎಲ್ಲವೂ ಸ್ತಬ್ಧ. ಚಿಪ್ ಕೆಟ್ಟರೂ ಇದೇ ಕೋಡ್ ಬರಬಹುದು, ಡ್ರೈವರ್ ಕೆಟ್ಟರೂ ಬರಬಹುದು.

ಖಾತ್ರಿಗೆ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂಗೆ ಹೋಗಿ, ವಿಡಿಯೊ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ಒಪ್ಪಿಸುವ "ಗ್ರಾಫಿಕ್ಸ್ ಆಕ್ಸಲರೇಶನ್" ಆಫ್ ಮಾಡಿದೆ. ಎರಡು ಗಂಟೆ ಸಿನಿಮಾ ಪೂರ್ತಿ ಓಡಿತು. ಆದರೆ ವಿಡಿಯೊ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬಿದ್ದು, ಫ್ಯಾನ್ ಕಾಫಿ ಹಣ್ಣು ಸುಲಿಯುವ ಪಲ್ಪರ್ ಓಡಿದ ಹಾಗೆ ಕೂಗತೊಡಗಿತು. ಇದು ಊರುಗೋಲು, ಮದ್ದಲ್ಲ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ ಅಂತ ಕಾಣುತ್ತದೆ. ನಾನೂ ಒಂದು ವಾರ ಹಾಗೇ ಇದ್ದೆ.

ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ ಡಿಸ್‌ಪ್ಲೇ ಡ್ರೈವರಿನ ತಾರೀಖು 2020! ಮನೆ ಹೊಸದು, ಬೀಗ ಹಳೆಯದು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ಈ ಮಾದರಿಗೆ ಅದರ ನಂತರ ಏನೂ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ವಾರಂಟಿ ಮುಗಿದಿದೆ ಎಂದು ಇಟ್ಟುಬಿಟ್ಟರು. ಈ ವಿಮರ್ಶೆಯಲ್ಲಿ ನಾನು ಅಂಕ ಕತ್ತರಿಸುವುದು ಇಲ್ಲೇ. ಮಾರುವಾಗ ಐದಾರು ವರ್ಷ ಬಾಳುವ ಯಂತ್ರ ಅಂತ ಮಾರುತ್ತಾರೆ, ಡ್ರೈವರ್ ಕೊಡುವುದು ಒಂದೋ ಎರಡೋ ವರ್ಷ.

ಚಿಪ್ ಮಾಡಿದ ಇಂಟೆಲ್ ಸೈಟಿನಲ್ಲಿ ಹೊಸ ಡ್ರೈವರ್ ಇತ್ತು. ಹಾಕಿದೆ, ರೀಸ್ಟಾರ್ಟ್ ಆಯಿತು, ನೋಡಿದರೆ ಮತ್ತೆ ಅದೇ 2020. ನೆಟ್ ಆನ್ ಇದ್ದದ್ದರಿಂದ ಅಪ್‌ಡೇಟ್ ಜೊತೆ ಹಳೆಯದೇ ವಾಪಸ್ ಬಂದು ಕೂತಿತ್ತು. ಎರಡನೇ ಸಲ ಹೊಸದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು, ವೈಫೈ ಆಫ್ ಮಾಡಿದೆ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಫೈಲುಗಳನ್ನೂ ಅಳಿಸು ಎಂಬ ಚೌಕಕ್ಕೆ ಟಿಕ್ ಹಾಕಿದೆ. ಆಮೇಲೆ ಹೊಸದು ಹಾಕಿ, ರೀಸ್ಟಾರ್ಟ್ ಆದ ಮೇಲಷ್ಟೇ ನೆಟ್ ಕೊಟ್ಟೆ. ಈ ಬಾರಿ ನಿಂತಿತು. ಡ್ರೈವರ್ ನಿಂತಿತು ಅಂದೆ, ವಿಡಿಯೊ ಅಲ್ಲ!

ಯೂಟ್ಯೂಬ್‌ನಲ್ಲಿ ಇನ್ನೊಂದು ಚಿಕ್ಕ ಬದಲಾವಣೆ ಮಾಡಿದ್ದೇನೆ. ಅಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ತೆರೆದರೆ ಯಾವ ಕೋಡೆಕ್, ಅಂದರೆ ವಿಡಿಯೊವನ್ನು ಅದುಮಿ ಕಳಿಸುವ ಯಾವ ವಿಧಾನ, ಅಂತ ಕಾಣುತ್ತದೆ. ಎವಿ1 ಎಂಬುದು ಹೊಸ ಕೋಡೆಕ್. ನನ್ನ 8ನೇ ತಲೆಮಾರಿನ ಚಿಪ್‌ಗೆ ಅದನ್ನು ಬಿಡಿಸುವ ಹಾರ್ಡ್‌ವೇರ್ ಇಲ್ಲ. ಹಳೇ ವಿಪಿ9 ಆದರೆ ಸಲೀಸು. ಅಕೌಂಟಿನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಎವಿ1 ಅನ್ನು ಕಡಿಮೆ ರೆಸಲ್ಯೂಷನ್‌ಗೆ ಮಾತ್ರ ಬಿಟ್ಟೆ. ಫ್ಯಾನ್ ಸದ್ದು ಅರ್ಧ ಇಳಿಯಿತು.

ಅಲ್ಲಿಂದ ಜನವರಿವರೆಗೆ ಎರಡೇ ಸಲ ನಿಂತಿದೆ. ಎರಡೂ ರೊಬಸ್ಟಾ ಕೊಯ್ಲಿನ ಹೊತ್ತಿನಲ್ಲಿ, ಕಣದ ಪಕ್ಕದ ಜಗಲಿಯಲ್ಲಿ ಇಟ್ಟಿದ್ದಾಗ. ತಳ ಬಿಚ್ಚಿ ನೋಡಿದರೆ ಗಾಳಿ ಹೋಗುವ ಕಿಂಡಿ ತುಂಬ ಕಾಫಿ ಹೊಟ್ಟು, ಧೂಳು. ಮೆತ್ತನೆ ಬ್ರಷ್ಷಿನಲ್ಲಿ ತೆಗೆದೆ. ಆಮೇಲೆ ಒಂದು ಸಲವೂ ನಿಂತಿಲ್ಲ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಬ್ಯಾಟರಿಗೆ ಹೋಯಿತು, ಒಂದು ಪೂರ್ತಿ ಅಂಕ ಆ ಡ್ರೈವರಿಗೆ. ಇಂಥದ್ದೇ ಹಳೇ ಯಂತ್ರ ಇದ್ದು ಅಪ್‌ಗ್ರೇಡ್‌ಗೆ ಹೆದರುವವರು ವಿಂಡೋಸ್ 10ರಲ್ಲೇ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಹೆಸರು ಕೊಟ್ಟು 2026ರ ಅಕ್ಟೋಬರ್ 13ರವರೆಗೆ ದಿನ ದೂಡಬಹುದು. ನಾನಂತೂ ವಾಪಸ್ ಹೋಗುವುದಿಲ್ಲ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಿ ಶುರುವಾದರೆ ಇಡೀ ದಿನ ಮ್ಯಾಚ್ ಓಡುತ್ತದೆ, ನಿಜವಾದ ಪರೀಕ್ಷೆ ಆಗ. ಕೇಬಲ್ ಹುಡುಗನಿಗೆ ಒಂದು ಕಿಲೋ ಕಾಫಿಪುಡಿ ಕೊಟ್ಟು ತಪ್ಪಾಯಿತು ಎಂದೆ. ಅತ್ತೆಗೆ ಮಾತ್ರ ಇನ್ನೂ ನಿಜ ಹೇಳಿಲ್ಲ.