ಫ್ಲ್ಯಾಶ್ ಕಲಿಸ್ತೀವಿ ಅಂತ ಕರೆದು ಕಿಟ್ ಮಾರ್ತಾರೆ, ಹುಷಾರು

ನಾಯಿ, ಬೆಕ್ಕು, ಮಕ್ಕಳ ಪೋರ್ಟ್ರೇಟ್‌ಗೆ ಆಫ್-ಕ್ಯಾಮೆರಾ ಫ್ಲ್ಯಾಶ್ (ಕ್ಯಾಮೆರಾದಿಂದ ದೂರ ಇಟ್ಟು ಹೊಡೆಯುವ ಫ್ಲ್ಯಾಶ್) ಕಲಿಸ್ತೀವಿ, ಅದರ ಕಿಟ್ಟೂ ನಾವೇ ಕಡಿಮೆ ರೇಟಿಗೆ ಕೊಡಿಸ್ತೀವಿ ಅಂತ ಬೆಂಗಳೂರಿನಲ್ಲಿ ವೀಕೆಂಡ್ ವರ್ಕ್‌ಶಾಪ್ ನಡೆಸುವವರ ವಿಷಯ ಇದು. ಎಲ್ಲರೂ ಮೋಸಗಾರರು ಅಂತ ಹೇಳ್ತಿಲ್ಲ. ಆದರೆ ಕ್ಲಾಸಿನ ಜೊತೆ ಕಿಟ್ ಅಂದ ತಕ್ಷಣ ಹುಷಾರಾಗಿ. ನಾನೂ ಹೋಗಿ ಸಿಕ್ಕಿಬಿದ್ದೆ. ಫೀಸು 3,500, ಕಿಟ್ 18,500. ಒಟ್ಟು 22,000 ರೂಪಾಯಿ ಹೋಯಿತು. ಮನೆಯಲ್ಲಿ ಹೇಳೋಕೇ ನಾಚಿಕೆ ಆಗ್ತಿತ್ತು. ಕೋಪ ಇನ್ನೂ ಇಳಿದಿಲ್ಲ.

ನಮ್ಮ ಮನೆಯದು ಕರಿ ನಾಯಿ. ಕ್ಯಾಮೆರಾ ಮೇಲೇ ಫ್ಲ್ಯಾಶ್ ಇಟ್ಟು ತೆಗೆದರೆ ಕಣ್ಣು ಹಸಿರಾಗಿ ಹೊಳೆಯುತ್ತೆ, ಮೈ ಪೂರ್ತಿ ಚಪ್ಪಟೆಯಾಗಿ ಕಾಣುತ್ತೆ. ನಾಯಿ-ಬೆಕ್ಕುಗಳ ಕಣ್ಣಿನ ಹಿಂದೆ ಬೆಳಕು ವಾಪಸ್ ಎಸೆಯುವ ಪದರ ಇರುತ್ತೆ, ಅದಕ್ಕೇ ಹಾಗೆ. ಫ್ಲ್ಯಾಶನ್ನು ಲೆನ್ಸಿನಿಂದ ದೂರ, ಪಕ್ಕಕ್ಕೆ ಇಟ್ಟರೆ ಆ ಹೊಳಪು ಬರಲ್ಲ. ಹಿಂದಿನಿಂದ ಓರೆಯಾಗಿ ಇನ್ನೊಂದು ಬೆಳಕು ಕೊಟ್ಟರೆ ಕರಿ ಕೂದಲು ಹಿನ್ನೆಲೆಯಿಂದ ಬಿಡಿಸಿಕೊಂಡು ಕಾಣುತ್ತೆ. ಇದನ್ನೇ ಕೈಯಾರೆ ಮಾಡಿ ಕಲಿಯಬೇಕು ಅಂತಿತ್ತು. ಚಿಕ್ಕ ಬ್ಯಾಚು, ಪ್ರತಿಯೊಬ್ಬರಿಗೂ ಒಂದು ಲೈಟು ಅಂದಿದ್ದರು.

ಹೋದರೆ ಇಡೀ ಹಾಲ್‌ಗೆ ಒಂದೇ ಲೈಟು. ಊಟದವರೆಗೂ ಪ್ರೊಜೆಕ್ಟರ್‌ನಲ್ಲಿ ಅವರದೇ ಫೋಟೋಗಳು. ಮಧ್ಯಾಹ್ನ ಒಬ್ಬರು ಆಂಟಿ ತಮ್ಮ ಲ್ಯಾಬ್ರಡಾರ್‌ನ ಕೂರಿಸಿದರು. ಲೈಟ್ ಸ್ಟ್ಯಾಂಡಿನ ಬುಡಕ್ಕೆ ಮರಳಿನ ಚೀಲ ಇಲ್ಲ, ಏನೂ ಇಲ್ಲ. ಬೆಲ್ಟು ಸ್ಟ್ಯಾಂಡಿನ ಕಾಲಿಗೆ ಸಿಕ್ಕಿತು, ನಾಯಿ ಎಳೆಯಿತು, ಲೈಟಿಗೆ ಹಾಕಿದ್ದ ಕೊಡೆ ಸಮೇತ ಎಲ್ಲಾ ಅದರ ಬೆನ್ನ ಮೇಲೇ ಬಿತ್ತು. ಪಾಪ, ಅದು ಮೇಜಿನ ಕೆಳಗೆ ಸೇರಿದ್ದು ಆಮೇಲೆ ಈಚೆಗೆ ಬರಲೇ ಇಲ್ಲ. "ನಿಮ್ಮ ನಾಯಿಗೆ ಟ್ರೈನಿಂಗ್ ಸಾಲದು ಮೇಡಂ" ಅಂದುಬಿಟ್ಟರು ಕಲಿಸುವ ಮೇಷ್ಟ್ರು! ಆಂಟಿ ಕಣ್ಣಲ್ಲಿ ನೀರಿತ್ತು. ಮರಳಿನ ಚೀಲ ಹಾಕದವರು ನಾಯಿಯನ್ನು ಬೈಯೋದಾ?

ಅಷ್ಟಾದ ಮೇಲೆ ಕಿಟ್ ಮಾರಾಟ ಶುರು. ಸಾಲಾಗಿ ಬ್ಯಾಗು. ನಾನು ಬಾಯಿಬಿಟ್ಟು ಕೇಳಿದ್ದೆ, "ಟಿಟಿಎಲ್ ಇದೆಯಾ ಸರ್?" ಅಂತ. ಟಿಟಿಎಲ್ ಅಂದರೆ ಕ್ಯಾಮೆರಾನೇ ಬೆಳಕು ಅಳೆದು ಫ್ಲ್ಯಾಶ್ ಪವರ್ ಹೊಂದಿಸೋದು. ನಾಯಿ ಒಂದು ಕಡೆ ನಿಲ್ಲಲ್ಲ. ಫ್ಲ್ಯಾಶಿನಿಂದ ಎರಡು ಪಟ್ಟು ದೂರ ಹೋದರೆ ಅದರ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ಪ್ರತಿ ಸಲ ಪವರ್ ತಿರುಗಿಸಿಕೊಂಡು ಕೂರೋಕಾಗುತ್ತಾ? ಅದಕ್ಕೇ ಕೇಳಿದ್ದು. ಕ್ಯಾಮೆರಾ ಮೇಲೆ ಕೂತು ದೂರದ ಫ್ಲ್ಯಾಶನ್ನು ಹೊಡೆಸುವ ಟ್ರಿಗರ್ ಕೈಗೆ ಕೊಟ್ಟು ಅದರ ಪರದೆ ತೋರಿಸಿದರು. ಟಿಟಿಎಲ್ ಅಂತ ಬರೆದಿತ್ತು. ಒಂದು ಸಲ ಹೊಡೆದು ತೋರಿಸಿದರು, ಫ್ಲ್ಯಾಶ್ ಬೆಳಗಿತು. "ನೋಡಿ ಸರ್, ಪಕ್ಕಾ." ಬಾಕ್ಸ್ ಕೇಳಿದರೆ "ಗೋಡೌನಲ್ಲಿದೆ, ಕೊರಿಯರ್ ಮಾಡ್ತೀವಿ" ಅಂದರು. ಬಿಲ್ ಕೇಳಿದರೆ ಎಸ್ಟಿಮೇಟ್ ಚೀಟಿ. ಆದರೂ ನಂಬಿ ತಗೊಂಡೆ.

ಮುಂದಿನ ಭಾನುವಾರ ಪಕ್ಕದ ಮನೆಯವರನ್ನೂ ಅವರ ನಾಯಿಯನ್ನೂ ನಮ್ಮ ಟೆರೇಸಿಗೆ ಕರೆದಿದ್ದೆ. ಬಿಸಿಲಿತ್ತು, ಹಿನ್ನೆಲೆ ಸ್ವಲ್ಪ ಕತ್ತಲಾಗಲಿ ಅಂತ ಶಟರ್ ವೇಗ ಏರಿಸಿದೆ. ಫೋಟೋದ ಕೆಳಗಡೆ ದಪ್ಪ ಕಪ್ಪು ಪಟ್ಟಿ. ಮಗುವಿನ ಮುಖಕ್ಕೆ ಬೆಳಕಿದೆ, ಮುಂದೆ ಕೂತ ನಾಯಿ ಕತ್ತಲಲ್ಲಿದೆ. ಮತ್ತೆ ತೆಗೆದೆ, ಮತ್ತೆ ಪಟ್ಟಿ. ಅವರು ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದು ನಿಂತಿದ್ದಾರೆ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು.

ಅವರು ಹೋದ ಮೇಲೆ ಫ್ಲ್ಯಾಶನ್ನು ತಿರುಗಿಸಿ ಅದರ ಕಾಲಿನ ಅಡಿ ನೋಡಿದೆ. ಮಧ್ಯದಲ್ಲಿ ಒಂದೇ ಒಂದು ಪಿನ್ನು. ಅಷ್ಟೇ. ಟಿಟಿಎಲ್ ಫ್ಲ್ಯಾಶ್ ಆದರೆ ಕ್ಯಾಮೆರಾ ಜೊತೆ ಮಾತಾಡೋಕೆ ಅಲ್ಲಿ ಹಲವು ಪಿನ್ನುಗಳಿರುತ್ತವೆ. ಇದು ಗೋಡಾಕ್ಸ್ ಕಂಪನಿಯ ಟಿಟಿ600. ಬರೀ ಮ್ಯಾನ್ಯುಯಲ್, ಪವರ್ ನಾವೇ ಹೊಂದಿಸಬೇಕು. ಪರದೆ ಮೇಲೆ ಕಂಡಿದ್ದ ಟಿಟಿಎಲ್ ಟ್ರಿಗರ್‌ನ ಸೆಟ್ಟಿಂಗು, ಫ್ಲ್ಯಾಶಿಗೆ ಆ ಶಕ್ತಿಯೇ ಇಲ್ಲ. ಟ್ರಿಗರ್ ನೋಡಿದರೆ ಕೆನಾನ್‌ದು. ನನ್ನದು ನಿಕಾನ್! ಮಧ್ಯದ ಪಿನ್ನಿನಿಂದ ಫ್ಲ್ಯಾಶ್ ಬೆಳಗುತ್ತೆ, ಆದರೆ ಹೈಸ್ಪೀಡ್ ಸಿಂಕ್ (ಶಟರ್ ವೇಗ ಏರಿಸಿದರೂ ಫ್ಲ್ಯಾಶ್ ಬೆಳಕು ಪೂರ್ತಿ ಫೋಟೋಗೆ ಬೀಳುವ ವ್ಯವಸ್ಥೆ) ಸಿಗಲ್ಲ. ನನ್ನ ಕ್ಯಾಮೆರಾದಲ್ಲಿ ಶಟರ್ ವೇಗ 1/200 ಸೆಕೆಂಡ್ ದಾಟಿದರೆ ಶಟರ್ ಪರದೆಯ ನೆರಳು ಪಟ್ಟಿಯಾಗಿ ಬೀಳುತ್ತೆ. ಹಾಲ್‌ನಲ್ಲಿ ಅವರು ಕಡಿಮೆ ಶಟರ್‌ನಲ್ಲಿ ಹೊಡೆದು "ಪಕ್ಕಾ" ಅಂದಿದ್ದು ಇದಕ್ಕೇ. ಬೇಕಂತಲೇ ಮಾಡಿದ್ದು.

ಕಂಪನಿಯದು ತಪ್ಪಿಲ್ಲ. ಟಿಟಿ600 ಒಳ್ಳೆ ಫ್ಲ್ಯಾಶೇ. ಸರಿಯಾದ ಟ್ರಿಗರ್ ಇದ್ದರೆ ಹೈಸ್ಪೀಡ್ ಸಿಂಕ್ ಕೂಡ ಮಾಡುತ್ತೆ. ಅದನ್ನು ಟಿಟಿಎಲ್ ಅಂತ ಹೇಳಿ ಟಿಟಿಎಲ್ ರೇಟಿಗೆ ಮಾರಿದ್ದು ಮೋಸ.

ಇನ್ನು ಅವರ ಉತ್ತರಗಳು. ಮೊದಲು, "ಸರ್ ನೀವು ಸೆಟ್ಟಿಂಗ್ ಸರಿ ಇಟ್ಟಿಲ್ಲ." ಪಿನ್ನಿನ ಫೋಟೋ ಕಳಿಸಿದೆ. "ಟಿಟಿ ಅಂದ್ರೆ ಟಿಟಿಎಲ್ಲೇ ಸರ್." ಇದನ್ನು ಹೇಳಿದ್ದು ಫ್ಲ್ಯಾಶ್ ಕಲಿಸುವ ಮೇಷ್ಟ್ರು! ಆಮೇಲೆ, "ಬಿಗಿನರ್ಸ್‌ಗೆ ಟಿಟಿಎಲ್ ಯಾಕೆ ಸರ್, ಮ್ಯಾನ್ಯುಯಲ್ಲೇ ಬೆಸ್ಟು." ಕರಿ ನಾಯಿಯನ್ನು ಟಿಟಿಎಲ್ ಬೂದು ಮಾಡಿಬಿಡುತ್ತೆ, ಅದಕ್ಕೆ ಮ್ಯಾನ್ಯುಯಲ್ ಒಳ್ಳೇದು ಅನ್ನೋದು ನಿಜವೇ. ಹಾಗಿದ್ದರೆ ಮ್ಯಾನ್ಯುಯಲ್ ಅಂತ ಹೇಳಿ, ಮ್ಯಾನ್ಯುಯಲ್ ರೇಟಿಗೆ ಕೊಡಬೇಕಿತ್ತು ತಾನೇ? ದುಡ್ಡು ವಾಪಸ್ ಕೇಳಿದರೆ, "ಯೂಸ್ ಮಾಡಿದ್ದೀರಲ್ಲ ಸರ್. ಬೇಕಾದ್ರೆ ಮುಂದಿನ ಬ್ಯಾಚಿಗೆ ಫ್ರೀಯಾಗಿ ಬನ್ನಿ." ಕೊನೆಗೆ, "ಸೀನಿಯರ್ ಹತ್ರ ಕೇಳಿ ಹೇಳ್ತೀನಿ." ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಬ್ಯಾಚಿನ ಚಾಟ್ ಗ್ರೂಪಿನಲ್ಲಿ ಎಲ್ಲರಿಗೂ ಕಾಣುವಂತೆ ಕೇಳಿದೆ. ನನ್ನನ್ನೇ ತೆಗೆದುಹಾಕಿದರು.

ಕಲಿಸುವವರ ಹತ್ತಿರ ಕಿಟ್ ತಗೋಬೇಡಿ. ತಗೊಂಡರೂ ಟ್ರಿಗರನ್ನು ನಿಮ್ಮ ಕ್ಯಾಮೆರಾ ಮೇಲೆ ಹಾಕಿ, 1/1000 ಶಟರ್‌ನಲ್ಲಿ ಹೊಡೆದು ನೋಡದೆ ದುಡ್ಡು ಕಳಿಸಬೇಡಿ. ಜಿಎಸ್‌ಟಿ ಬಿಲ್ ಇಲ್ಲ ಅಂದರೆ ಎದ್ದು ಬನ್ನಿ. ಬಿಲ್ ಕೊಡದಿರೋದು, ಸುಳ್ಳು ಹೇಳಿ ಮಾರೋದು ಎರಡೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಯುಪಿಐ ರಸೀದಿ, ಎಸ್ಟಿಮೇಟ್ ಚೀಟಿ, ಚಾಟ್ ಎಲ್ಲಾ ಇಟ್ಟುಕೊಂಡಿದ್ದೇನೆ.

ಆ ಬ್ಯಾಚಿನವರು ಯಾರಾದರೂ ಇದನ್ನು ಓದ್ತಿದ್ದರೆ ಇವತ್ತೇ ನಿಮ್ಮ ಫ್ಲ್ಯಾಶ್ ತಿರುಗಿಸಿ ಪಿನ್ನು ನೋಡಿ. ಟ್ರಿಗರ್ ನಿಮ್ಮ ಕ್ಯಾಮೆರಾದ್ದೇನಾ ನೋಡಿ. ಗ್ರೂಪಿನಲ್ಲಿ ಕೇಳೋ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಕೇಳಿದ ತಕ್ಷಣ ನಿಮ್ಮನ್ನೂ ತೆಗೀತಾರೆ. ಆಮೇಲೆ ನನಗೆ ಮೆಸೇಜ್ ಮಾಡಿ, ಎಲ್ಲರೂ ಸೇರಿ ದೂರು ಕೊಡೋಣ.