ಪೇಟನ್ ಮೊದಲೋ, ಈಲೈ ಮೊದಲೋ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಹಳೆಯ ಪಂದ್ಯಗಳನ್ನು ನೋಡಬೇಕು ಅಂತಿದ್ದೀರಾ? ಹಾಗಾದರೆ ಮ್ಯಾನಿಂಗ್ ಅಣ್ಣತಮ್ಮಂದಿರಿಂದಲೇ ಶುರು ಮಾಡಿ. ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ದಾಳಿ ನಡೆಸುವವರು, ಚೆಂಡು ಎಸೆಯುವವರು.

ಗೆಲುವು, ದಾಖಲೆ ಬೇಕಿದ್ದರೆ ಅಣ್ಣ ಪೇಟನ್. ಟೆನೆಸಿ ವಿಶ್ವವಿದ್ಯಾಲಯದ ಪರ 1994ರಿಂದ 1997ರವರೆಗೆ ಆಡಿದ, ಎಸೆತದಲ್ಲೇ 11,201 ಗಜ ಗಳಿಸಿದ. ತಮ್ಮ ಈಲೈನದು 10,119. ಕೊನೆಯ ವರ್ಷ ಪೇಟನ್ ಆಬರ್ನ್ ವಿರುದ್ಧ 30-29ರಲ್ಲಿ ಗೆದ್ದು ಎಸ್‌ಇಸಿ (ಆಗ್ನೇಯ ಅಮೆರಿಕದ ಕಾಲೇಜು ತಂಡಗಳ ಲೀಗ್) ಚಾಂಪಿಯನ್ ಕೂಡ ಆದ.

ಆದರೆ ನನ್ನನ್ನು ಕೇಳಿದರೆ ಮೊದಲು ಈಲೈ. ಅವನು ಆಡಿದ್ದು ಅಪ್ಪ ಆರ್ಚಿ ಕ್ವಾರ್ಟರ್‌ಬ್ಯಾಕ್ ಆಗಿ ಮೆರೆದ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲೇ. ಅಲ್ಲಿ ಅಪ್ಪನ ಜರ್ಸಿ ಸಂಖ್ಯೆ 18. ಅವರ ಗೌರವಕ್ಕೆ ಕ್ಯಾಂಪಸ್ ರಸ್ತೆಯ ವೇಗಮಿತಿಯನ್ನೂ ಗಂಟೆಗೆ 18 ಮೈಲಿ ಮಾಡಿದ್ದಾರೆ! ಅಂಥ ಕಡೆ ಮಗ ಅದೇ ಜಾಗದಲ್ಲಿ ನಿಂತು ಆಡುವುದು ಸುಮ್ನೆ ಮಾತಲ್ಲ, ಅಲ್ವಾ?

2001ರಲ್ಲಿ ಈಲೈ ತಂಡದವರು ಅರ್ಕಾನ್ಸಾ ಜೊತೆ ಏಳು ಓವರ್‌ಟೈಮ್ ಆಡಿ 58-56ರಲ್ಲಿ ಸೋತರು. 2003ರ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ವಿರುದ್ಧದ ಪಂದ್ಯವಂತೂ ಹೊಟ್ಟೆ ಉರಿಸುತ್ತದೆ. ಸ್ಕೋರು 17-14, ಎಲ್‌ಎಸ್‌ಯು ಮುಂದೆ, ಕೊನೆಯ ನಿಮಿಷಗಳು, ನಾಲ್ಕನೇ ಡೌನ್, ಅಂದರೆ ಚೆಂಡು ಮುಂದೊಯ್ಯಲು ಕೊನೆಯ ಅವಕಾಶ. ಎಸೆಯಲು ಹಿಂದೆ ಸರಿಯುವಾಗ ತಂಡದವನೇ ಕಾಲು ತುಳಿದ, ಈಲೈ ಎಡವಿ ಬಿದ್ದ. ಪೇಟನ್‌ಗೂ ಇಂಥ ನೋವಿದೆ: ಫ್ಲಾರಿಡಾವನ್ನು ಅವನು ಒಮ್ಮೆಯೂ ಸೋಲಿಸಲಿಲ್ಲ. ಆದರೆ ಅಪ್ಪನ ಹೆಸರಿನ ಭಾರ ಅಲ್ಲಿ ಅಷ್ಟು ಕಾಣುವುದಿಲ್ಲ.

ಮುಂದೆ ಇಬ್ಬರೂ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲ ಆಯ್ಕೆಯಾದರು, ಪೇಟನ್ 1998ರಲ್ಲಿ, ಈಲೈ 2004ರಲ್ಲಿ. ಹಿರಿಯಣ್ಣ ಕೂಪರ್ ಬೆನ್ನುಹುರಿಯ ತೊಂದರೆಯಿಂದ ಆಟವನ್ನೇ ಬಿಡಬೇಕಾಯಿತು. ಇವರಿಬ್ಬರ ಪಂದ್ಯ ಮುಗಿದ ಮೇಲೆ ಕೂಪರ್ ಮಗ ಆರ್ಚ್ ಟೆಕ್ಸಾಸ್ ಪರ ಆಡಿದ್ದನ್ನೂ ನೋಡಿ. ಅವನೂ ಕ್ವಾರ್ಟರ್‌ಬ್ಯಾಕೇ.